ಸರೋವರದ ಮನೆಯಲ್ಲಿ ಅಗ್ಗಿಷ್ಟಿಕೆ

ಎಪ್ಪತ್ತರ ದಶಕದ ಆರಂಭದ ಒಂದು ಬೇಸಿಗೆ. ನಾನಾಗ ನ್ಯೂಜೆರ್ಸಿಯ ಪಿಸ್ಕಾಟವೇಯಲ್ಲಿ ಪಿಎಚ್‌ಡಿ ವಿದ್ಯಾರ್ಥಿ. ಎರಡು ಕೋಣೆಯ ಅಪಾರ್ಟ್‌ಮೆಂಟಿನಲ್ಲಿ ನಾನು, ಹೆಂಡತಿ, ಮೂರು ತಿಂಗಳ ಮಗಳು, ಮತ್ತು ಬಾಣಂತನಕ್ಕೆಂದು ಮೈಸೂರಿನಿಂದ ಬಂದಿದ್ದ ಅಮ್ಮ. ಹೆಂಡತಿಯ ತಾಯಿಗೆ ವಿಮಾನವೆಂದರೆ ಭಯ. ಹಾಗಾಗಿ ಆ ಕೆಲಸ ನನ್ನ ಅಮ್ಮನ ಪಾಲಿಗೆ ಬಂದಿತ್ತು. ಸೆಖೆಗೆ ನಾವು ಬೇಯುತ್ತಿದ್ದುದನ್ನು ನೋಡಿ ನನ್ನ ಪ್ರೊಫೆಸರರು ತಮ್ಮ ಕ್ಯಾಬಿನ್ನಿನ ಕೀಲಿಕೈ ಕೊಟ್ಟರು. ನ್ಯೂಯಾರ್ಕ್ ರಾಜ್ಯದ ಉತ್ತರಕ್ಕೆ, ಬೆಟ್ಟಗಳ ನಡುವೆ, ಒಂದು ಸರೋವರದ ದಡದಲ್ಲಿದ್ದ ಒಂದೇ ಕೋಣೆಯ ಮರದ ಮನೆ. "ಒಲೆ ಮಾತ್ರ ಹಚ್ಚಬೇಡಿ, ಹೊಗೆಕೊಳವೆಯಲ್ಲಿ ಹಕ್ಕಿ ಗೂಡು ಕಟ್ಟಿದೆ" ಎಂದಿದ್ದರು.

ಅಷ್ಟು ನಿಶ್ಶಬ್ದವಾದ ಜಾಗವನ್ನು ನಾನು ಅದುವರೆಗೆ ಕಂಡಿರಲಿಲ್ಲ. ಬೆಳಿಗ್ಗೆ ನೀರಿನ ಮೇಲೆ ಮಂಜು ಕೂತಿರುತ್ತಿತ್ತು. ಅದು ಎದ್ದುಹೋದ ಮೇಲೆ ಆಚೆ ದಡದ ಪೈನ್ ಮರಗಳು ಒಂದೊಂದಾಗಿ ಕಾಣಿಸುತ್ತಿದ್ದವು. ಅಮ್ಮ ಮೊದಲ ದಿನ ದಡದಲ್ಲಿ ನಿಂತು ಬಹಳ ಹೊತ್ತು ನೋಡಿದಳು.

"ಇಷ್ಟೊಂದು ನೀರಿದೆ, ಒಬ್ಬಳಾದ್ರೂ ಬಟ್ಟೆ ಒಗೆಯೋಳಿಲ್ವಲ್ಲೋ!"

"ಇಲ್ಲಿ ಒಗೆದ್ರೆ ಫೈನ್ ಹಾಕ್ತಾರೆ ಅಮ್ಮ."

"ಹಾಕ್ಲಿ ಬಿಡು. ನಿನ್ನ ಸ್ಕಾಲರ್‌ಶಿಪ್ಪಲ್ಲಿ ಕಟ್ಟು."

ನಾನು ದೋಣಿಯಲ್ಲಿ ಸುತ್ತುತ್ತಿದ್ದೆ, ಪೋರ್ಚಿನ ಕುರ್ಚಿಯಲ್ಲಿ ಪುಸ್ತಕ ಎದೆಯ ಮೇಲಿಟ್ಟುಕೊಂಡು ನಿದ್ದೆಹೋಗುತ್ತಿದ್ದೆ. ಹೆಂಡತಿ ಹೆರಿಗೆಯಾದ ಮೇಲೆ ಮೊದಲ ಬಾರಿಗೆ ಹಾಡು ಗುನುಗಿದ್ದು ಅಲ್ಲಿ.

ನಾಲ್ಕೈದು ದಿನ ಕಳೆದ ಮೇಲೆ ಮಳೆ ಹಿಡಿಯಿತು. ಜುಲೈ ತಿಂಗಳಲ್ಲಿ ನಮ್ಮ ಡಿಸೆಂಬರಿಗಿಂತ ಹೆಚ್ಚು ಚಳಿ. ಮಗುವಿಗೆ ಎಣ್ಣೆ ಹಚ್ಚಿ ನೀರು ಹಾಕುವುದನ್ನು ಮಾತ್ರ ಅಮ್ಮ ಒಂದು ದಿನವೂ ತಪ್ಪಿಸಿದವಳಲ್ಲ. ನೀರು ಹಾಕಿದ ಮೇಲೆ ಸಾಂಬ್ರಾಣಿ ಹೊಗೆ ಕೊಡಬೇಕು, ಕೆಂಡಕ್ಕೆ ಅಂಗೈ ಕಾಯಿಸಿ ಕೂಸಿನ ಹೊಟ್ಟೆಗೆ, ನೆತ್ತಿಗೆ ಒತ್ತಬೇಕು. ನ್ಯೂಜೆರ್ಸಿಯಲ್ಲಿ ಕೆಂಡ ಸಿಗದೆ ಅವಳು ಚಡಪಡಿಸಿದ್ದಳು. ಇಲ್ಲಿ ಪೋರ್ಚಿನ ಮೂಲೆಯಲ್ಲಿ ಗ್ರಿಲ್ಲೂ ಇತ್ತು, ಇದ್ದಿಲಿನ ಚೀಲವೂ ಇತ್ತು.

"ಅದರ ಮೇಲೆ ಮಾಂಸ ಸುಟ್ಟಿರ್ತಾರೆ" ಎಂದೆ.

"ಗ್ರಿಲ್ಲು ಯಾರಿಗೆ ಬೇಕು? ಇದ್ದಿಲಿಗೆ ಮೈಲಿಗೆ ಇಲ್ಲ" ಎಂದು, ಒಂದು ಹಳೆಯ ಕಬ್ಬಿಣದ ಬಕೆಟ್ಟನ್ನು ತೊಳೆದು ಅಗ್ಗಿಷ್ಟಿಕೆ ಮಾಡಿಕೊಂಡಳು. ಪೋರ್ಚಿನಲ್ಲೇ ಕೆಂಡ ಹೊತ್ತಿತು. ನಾನು ದೋಣಿಯಲ್ಲಿ ತುಂಬಿದ್ದ ಮಳೆನೀರನ್ನು ಎತ್ತಿ ಚೆಲ್ಲಲು ದಡಕ್ಕೆ ಇಳಿದೆ.

ತಿರುಗಿ ಬಂದಾಗ ಬಕೆಟ್ಟು ಪೋರ್ಚಿನಲ್ಲಿರಲಿಲ್ಲ. ಕಿಟಕಿಯ ಗಾಜಿನಲ್ಲಿ ನೋಡಿದೆ. ಕೋಣೆಯ ನಡುವೆ ಕೆಂಡ ಹವಳದಂತೆ ಹೊಳೆಯುತ್ತಿತ್ತು, ಒಂದೆಳೆ ಹೊಗೆಯೂ ಇರಲಿಲ್ಲ. ಅಮ್ಮ ಕಂಬಳಿ ಹೊದ್ದು ಮಂಚದ ಮೇಲೆ ಮಲಗಿದ್ದಳು. ಹೆಂಡತಿ ಬಾಗಿಲಿಗೆ ಒರಗಿ, ಮಗುವನ್ನು ತೊಡೆಯ ಮೇಲಿಟ್ಟುಕೊಂಡು ಕಣ್ಣು ಮುಚ್ಚಿದ್ದಳು. ಎಲ್ಲರ ಮುಖದಲ್ಲೂ ಒಂದು ನೆಮ್ಮದಿ. ಪಾಪ, ಮಲಗಲಿ ಎಂದುಕೊಂಡು ಕುರ್ಚಿಯಲ್ಲಿ ಕೂತೆ. ಮಳೆಯ ಸದ್ದು ಕೇಳುತ್ತಾ ಒಂದಷ್ಟು ಪುಟ ಓದಿದೆ.

ಇಷ್ಟು ವರ್ಷಗಳ ಮೇಲೂ ನಾನು ಮತ್ತೆ ಮತ್ತೆ ಹೋಗಿ ನಿಲ್ಲುವುದು ಆ ಕಿಟಕಿಯ ಮುಂದೆಯೇ.

ಬಾಗಿಲು ತೆರೆದುಕೊಂಡಿತು. ಹೆಂಡತಿ ಮಗುವನ್ನು ಎತ್ತಿಕೊಂಡು ಹೊಸ್ತಿಲಲ್ಲಿ ತೂರಾಡುತ್ತಿದ್ದಳು.

"ರೀ, ತಲೆ ಸಿಡೀತಿದೆ. ಮಗೂನ ಹಿಡ್ಕೊಳ್ಳಿ" ಎಂದವಳೇ ಪೋರ್ಚಿನ ಅಂಚಿಗೆ ಹೋಗಿ ವಾಂತಿ ಮಾಡಿದಳು.

ಮಗು ನನ್ನ ಕೈಗೆ ಬಂದಾಗ ಬಟ್ಟೆಯ ಗೊಂಬೆಯಂತೆ ಜೋತುಬಿದ್ದಿತ್ತು. ಆಗ ಹೊಳೆಯಿತು. ಮುಚ್ಚಿದ ಕೋಣೆಯಲ್ಲಿ ಉರಿಯುವ ಇದ್ದಿಲಿನಿಂದ ಬರುವ ಆ ವಿಷದ ಅನಿಲ, ಬಣ್ಣವಿಲ್ಲದ, ವಾಸನೆಯಿಲ್ಲದ ಅನಿಲ. ಕಾಲೇಜಿನಲ್ಲಿ ಬಾಯಿಪಾಠ ಮಾಡಿದ ಪಾಠ. ಮಗುವನ್ನು ಅವಳ ಮಡಿಲಿಗೆ ಹಾಕಿ, "ಗಾಳೀಲೇ ಇರು, ಒಳಗೆ ಬರಬೇಡ" ಎಂದು ಕೂಗಿ ನುಗ್ಗಿದೆ. ಅಮ್ಮನನ್ನು ಅಲುಗಾಡಿಸಿದೆ. ಏಳಲಿಲ್ಲ. ಕಂಕುಳಿಗೆ ಕೈಹಾಕಿ, ಕಂಬಳಿಯ ಸಮೇತ, ಪೋರ್ಚು ದಾಟಿ, ಮಳೆಗೇ ಎಳೆದುಕೊಂಡು ಹೋದೆ.

ಮೊದಲು ಮಗು ಅತ್ತಿತು. ಸಣ್ಣಗೆ, ಆಮೇಲೆ ಸರೋವರದ ಆಚೆಗೂ ಕೇಳುವಷ್ಟು ಜೋರಾಗಿ. ಅಮ್ಮ ಮಾತ್ರ ಒದ್ದೆ ಹುಲ್ಲಿನ ಮೇಲೆ ಹಾಗೇ ಬಿದ್ದಿದ್ದಳು. ಎಷ್ಟು ಹೊತ್ತು ಅವಳನ್ನು ಕರೆದೆನೋ ತಿಳಿಯದು. ಕೊನೆಗೆ ರೆಪ್ಪೆ ಅಲುಗಿತು.

"ಯಾಕೋ... ಮಳೇಲಿ ಹಾಕಿದೀಯ... ಹುಚ್ಚು ಹಿಡೀತೇನೋ?"

ಕಾರಿನ ಕಿಟಕಿಗಳನ್ನೆಲ್ಲ ಇಳಿಸಿ ಹತ್ತಿರದ ಊರಿನ ಡಾಕ್ಟರ ಬಳಿಗೆ ಓಡಿಸಿದೆ. ಅವರು ಮೂವರಿಗೂ ಆಮ್ಲಜನಕ ಕೊಟ್ಟು ಸಂಜೆಯವರೆಗೆ ಇರಿಸಿಕೊಂಡರು. ಬಾಗಿಲ ಸಂದಿಯಿಂದ ಬಂದ ಗಾಳಿಯೇ ಮಗುವನ್ನು ಉಳಿಸಿದೆ ಎಂದರು. ಅದನ್ನು ಕೇಳಿ ಹೆಂಡತಿ ನನ್ನ ಕಿವಿಯಲ್ಲಿ, "ಬಾಗಿಲ ಹತ್ತಿರ ಕೂರಬೇಡ, ಶೀತ ಆಗುತ್ತೆ ಅಂತ ಅತ್ತೆ ಬೈತಾನೇ ಇದ್ರು. ಕೆಂಡದ ಸೆಖೆ ಅಂತ ನಾನು ಏಳಲಿಲ್ಲ" ಎಂದಳು.

ಕೆಂಡವನ್ನು ಒಳಗಿಟ್ಟವರು ಯಾರು ಎಂದು ಡಾಕ್ಟರು ಕೇಳಿದರು. ನಾನು ತಡವರಿಸಿದೆ.

"ಏನಂತೆ?" ಎಂದಳು ಅಮ್ಮ. ಹೇಳಿದೆ.

"ನಾನೇ ಅಂತ ಹೇಳು. ಅದಕ್ಯಾಕೆ ನುಂಗ್ತೀಯ?"

ಡಾಕ್ಟರು ಆಮೇಲೆ ಬಹಳ ಹೊತ್ತು ಮಾತಾಡಿದರು. ಅಮ್ಮ ಅವರ ಮುಖವನ್ನೇ ನೋಡುತ್ತಿದ್ದಳು.

"ಈಗೇನಂದ್ರು?"

"ರೆಸ್ಟ್ ತಗೊಳ್ಳಿ ಅಂದ್ರು."

"ಅಷ್ಟುದ್ದ ಮಾತಾಡಿದ್ದು ಅಷ್ಟಕ್ಕೇನಾ?" ಎಂದು ನನ್ನನ್ನು ದಿಟ್ಟಿಸಿ, ಆಮೇಲೆ ಮೆಲ್ಲಗೆ, "ಹೊಗೇನೇ ಇರಲಿಲ್ವಲ್ಲೋ" ಎಂದಳು. ನಮ್ಮ ಮೈಸೂರಿನ ಮನೆಯ ಹೆಂಚಿನ ಸಂದಿಗಳಲ್ಲಿ ಬೆಳಕೇ ಒಳಗೆ ಬರುತ್ತಿತ್ತು. ಗಾಳಿ ಬಾರದೆ ಇರುತ್ತದೆಯೇ? ಅಲ್ಲಿ ಇದೇ ಕೆಂಡದ ಪಕ್ಕದಲ್ಲಿ ಅವಳು ನಾಲ್ಕು ಮಕ್ಕಳನ್ನು ಬೆಳೆಸಿದ್ದಳು.

ಮರುದಿನ ಅವಳು ಮಗುವಿನ ಹತ್ತಿರ ಬರಲಿಲ್ಲ. ಎಣ್ಣೆಯ ಬಟ್ಟಲು ಮುಟ್ಟಲಿಲ್ಲ. ಹೆಂಡತಿಯೇ ಮಗುವನ್ನು ತಂದು ಅವಳ ಕಾಲ ಮೇಲೆ ಮಲಗಿಸಿ, "ನಂಗೆ ನೀರು ಹಾಕೋಕೆ ಬರಲ್ಲ ಅತ್ತೆ. ಕಿವಿಗೆ ನೀರು ಹೋದ್ರೆ ನೀವೇ ಬೈತೀರಿ" ಎಂದಳು. ಕಿಟಕಿ ಬಾಗಿಲುಗಳೆಲ್ಲ ತೆರೆದಿದ್ದವು. ಅಮ್ಮ ನನ್ನ ಕೋಟನ್ನು ಸೀರೆಯ ಮೇಲೆ ಹಾಕಿಕೊಂಡು, ಎಣ್ಣೆಯ ಬಟ್ಟಲು ಎಳೆದುಕೊಂಡು ಮಗುವಿಗೆ ಹಚ್ಚಿದಳು.

ರಜೆ ಮುಗಿಯುವವರೆಗೂ ಅಲ್ಲೇ ಇದ್ದೆವು. ಬಿಸಿಲು ಮರಳಿತು. ಕೊನೆಯ ಮಧ್ಯಾಹ್ನ ಮೂವರೂ ತೆರೆದ ಕಿಟಕಿಯ ಕೆಳಗೆ ಮಲಗಿದ್ದರು, ಸರೋವರ ಕನ್ನಡಿಯಂತಿತ್ತು. ನಾನು ಪೋರ್ಚಿನಲ್ಲಿ ಕೂತು ಓದಲು ನೋಡಿದೆ, ಆಗಲಿಲ್ಲ. ಒಳಗೆ ಹೋಗಿ ಮಗುವಿನ ಮೂಗಿನ ಬಳಿ ಬೆರಳಿಟ್ಟೆ. ಹೆಂಡತಿಯ ಉಸಿರು ಕೇಳಿಸಿಕೊಂಡೆ. ಅಮ್ಮನ ಭುಜ ಅಲುಗಿಸಿದೆ.

"ಏನೋ?"

"ಏನಿಲ್ಲಮ್ಮ."

"ಏನಿಲ್ಲದೆ ಎಬ್ಬಿಸ್ತಾರೇನೋ? ಈಗ ತಾನೇ ಕಣ್ಣು ಹತ್ತಿತ್ತು. ಹೋಗು ಅತ್ಲಾಗೆ, ದೋಣೀನಾದ್ರೂ ಹೊಡಿ" ಎಂದು ಬೈದು ಮಗ್ಗುಲು ಬದಲಿಸಿದಳು.

ನಾನು ಹೋಗಲಿಲ್ಲ. ಅವಳ ಕಾಲ ಬಳಿ ನೆಲದ ಮೇಲೆ ಕೂತೆ.