ಕೆಳಮನೆಯ ನರ್ಸಮ್ಮ, ಪೋಕೋಟರ ರಾಗಿ

ಡಚ್ಚರ ನಾಡಿನ ಹಾರ್ಲೆಮ್‌ನಲ್ಲಿ ನಮ್ಮದು ಮೊದಲನೇ ಮಹಡಿಯ ಮನೆ. ಕೆಳಗಿನ ಮನೆಯಲ್ಲಿ ಎಂಬತ್ತು ದಾಟಿದ ಹೆಂಗಸೊಬ್ಬರು ಒಬ್ಬರೇ ಇದ್ದಾರೆ. ಮೊದಲ ಎರಡು ವರ್ಷ ನಮ್ಮಿಬ್ಬರ ಸಂಬಂಧವೆಲ್ಲ ಪಾರ್ಸೆಲ್ಲಿನದು. ನಾನು ಬಸ್ಸು ಹಿಡಿದು ಹೂಫ್‌ಡಾರ್ಪ್‌ನ ಆಫೀಸಿಗೆ ಹೋದ ಮೇಲೆ ಬರುವ ಡಬ್ಬಗಳನ್ನು ಅವರು ಇಸಿದುಕೊಂಡು ಇಡುತ್ತಿದ್ದರು, ಸಂಜೆ ನಾನು ಹೋಗಿ ತರುತ್ತಿದ್ದೆ. ಅವರು ನನ್ನನ್ನು ‘ಬ್ಯೂರ್‌ವ್ರೌ’ ಎಂದು ಕರೆಯುತ್ತಿದ್ದರು. ಡಚ್ಚಿನಲ್ಲಿ ಹಾಗೆಂದರೆ ನೆರೆಮನೆಯವಳು. ನಾನೂ ಅವರನ್ನು ಹಾಗೇ ಕರೆಯುತ್ತಿದ್ದೆ. ಇಬ್ಬರಿಗೂ ಒಂದೇ ಹೆಸರು, ನೆನಪಿಡಲು ಸುಲಭ.

ಒಂದು ಶನಿವಾರ ಮಧ್ಯಾಹ್ನ ನಾನು ಒಲೆಯ ಮುಂದೆ ಮುದ್ದೆ ತಿರುವುತ್ತಿದ್ದಾಗ ಬಾಗಿಲ ಬೆಲ್ ಆಯಿತು. ನನ್ನ ಗಂಡ ಬಾಗಿಲು ತೆಗೆದರು. ಬ್ಯೂರ್‌ವ್ರೌ ಕೈಯಲ್ಲಿ ಪಾರ್ಸೆಲ್ ಇತ್ತು, ಆದರೆ ಅವರು ಅದನ್ನು ಕೊಡದೆ ಮೂಗೆತ್ತಿಕೊಂಡು ನಿಂತಿದ್ದರು.

ಗಂಡ ಗಾಬರಿಯಾಗಿ ಅಡುಗೆಮನೆಗೆ ಬಂದರು. “ಸ್ಮೆಲ್ ಬಗ್ಗೆ ಏನೋ ಕಂಪ್ಲೇಂಟ್ ಇರ್ಬೇಕು ಕಣೇ. ಫ್ಯಾನ್ ಆನ್ ಮಾಡು.”

ಅಷ್ಟರಲ್ಲಿ ಅವರೇ ಹಿಂದೆ ಬಂದು ಪಾತ್ರೆಯೊಳಗೆ ಇಣುಕಿ, “ವಿಂಬಿ!” ಎಂದು ಕೂಗಿದರು. ಕೀನ್ಯಾದಲ್ಲಿ ರಾಗಿಗೆ ಹಾಗೆನ್ನುತ್ತಾರಂತೆ. “ಹದಿನೆಂಟು ವರ್ಷ ತಿಂದಿದ್ದೀನಿ ಇದನ್ನ. ಈ ಊರಲ್ಲಿ ಯಾರ ಮನೆಯಲ್ಲೂ ನೋಡಿರಲಿಲ್ಲ.”

ನಮ್ಮ ಮಾತೆಲ್ಲ ಇಂಗ್ಲಿಷಿನಲ್ಲಿ, ನಡುವೆ ನನ್ನ ಮುರುಕು ಡಚ್ಚಿನಲ್ಲಿ. ನನ್ನ ಕಿವಿಗೆ ಅದು ಕೇಳಿಸಿದ ಕನ್ನಡದಲ್ಲಿ ಬರೆಯುತ್ತಿದ್ದೇನೆ.

ಊಟಕ್ಕೆ ಕೂರಿಸಿದೆವು. ನಾನು ಮಂಡ್ಯದವಳು. ಮುದ್ದೆ ಅಗಿಯುವವರನ್ನು ಕಂಡರೆ ಸುಮ್ಮನಿರಲಾಗುವುದಿಲ್ಲ. “ಅಗೀಬೇಡಿ, ಸಾರಿಗೆ ಅದ್ದಿ ನುಂಗಿ” ಎಂದೆ. “ನೀನು ನಿನ್ನ ಥರ ತಿನ್ನು, ನಾನು ಪೋಕೋಟರ ಥರ ತಿಂತೀನಿ” ಎಂದು ಅವರು ನಿಧಾನವಾಗಿ ಅಗಿಯುತ್ತಲೇ ಹೋದರು. ಹುರುಳಿ ಸಾರು ಮಾತ್ರ ಮೂರು ಸಲ ಹಾಕಿಸಿಕೊಂಡರು.

ಅವರು ನರ್ಸ್ ಆಗಿದ್ದರು. ಇಪ್ಪತ್ತಾರನೇ ವಯಸ್ಸಿನಲ್ಲಿ ಮಿಷನ್ ಆಸ್ಪತ್ರೆಯ ಕೆಲಸಕ್ಕೆಂದು ಕೀನ್ಯಾದ ವಾಯವ್ಯ ಮೂಲೆಗೆ ಹೋದವರು. ಅಲ್ಲಿ ಪೋಕೋಟರ ನಾಡು. ಬಯಲಿನ ಪೋಕೋಟರು ದನ ಮೇಯಿಸುತ್ತಾರೆ, ಬೆಟ್ಟದವರು ರಾಗಿ, ಜೋಳ ಬೆಳೆಯುತ್ತಾರೆ. ಹುಟ್ಟಿದಂದಿನಿಂದ ದಿಬ್ಬವನ್ನೇ ಕಾಣದ ಡಚ್ ಹುಡುಗಿ ಮೊದಲ ತಿಂಗಳೆಲ್ಲ ಕತ್ತೆಯ ಮೇಲಿಂದ ಬೀಳುವುದರಲ್ಲೇ ಕಳೆದಳಂತೆ. ಹೆರಿಗೆ ಕೋಣೆಗೆ ಕೋಳಿಗಳು ನುಗ್ಗುತ್ತಿದ್ದವು. ಪಾದ್ರಿಗಳು ಹಾಡಲು ಶುರುಮಾಡಿದರೆ ಅವೇ ಹೊರಗೆ ಹೋಗುತ್ತಿದ್ದವು.

ಆಮೇಲಿನ ಶನಿವಾರಗಳಲ್ಲಿ ಅವರು ನಮ್ಮಲ್ಲಿಗೆ ಊಟಕ್ಕೆ ಬರತೊಡಗಿದರು. ಬರಗಾಲದ ಮಾತು ಬಂದದ್ದು ನಾಲ್ಕನೆಯದೋ ಐದನೆಯದೋ ಶನಿವಾರ.

ಎರಡು ವರ್ಷ ಮಳೆ ಬಾರದೆ ಬಯಲಿನ ದನಗಳು ಸತ್ತಿದ್ದವು. ಮಿಷನ್ನಿನವರು ಗಂಜಿ ಕೇಂದ್ರ ತೆರೆದರು. ಐದು ವರ್ಷದೊಳಗಿನ, ತೋಳು ತೀರ ಸಣಕಲಾದ ಮಕ್ಕಳಿಗೆ ಮಾತ್ರ ಗಂಜಿ. ಅಲ್ಲೇ, ನರ್ಸಿನ ಕಣ್ಣೆದುರೇ ಕುಡಿಯಬೇಕು. ಒಬ್ಬ ತಾಯಿಗೆ ಮೂವರು ಮಕ್ಕಳು, ವಯಸ್ಸಿನ, ತೋಳಿನ ಅಳತೆಗೆ ಸಿಕ್ಕಿದ್ದು ಕಿರಿಯದೊಂದೇ. ಆಕೆ ಅದರ ಗಂಜಿಯಲ್ಲಿ ಅರ್ಧವನ್ನು ದೊಡ್ಡವರಿಬ್ಬರಿಗೆ ಕುಡಿಸುತ್ತಿದ್ದಳು.

“ನಾನು ಹೋಗಿ ಲೋಟ ಕಿತ್ಕೊಂಡೆ” ಎಂದರು ಬ್ಯೂರ್‌ವ್ರೌ. “ಎಲ್ಲರ ಮುಂದೆ. ಬೈದೆ ಕೂಡ. ಅವಳು ಮಕ್ಕಳನ್ನ ಕರ್ಕೊಂಡು ಹೋದಳು. ಮಾರನೇ ದಿನ ಬರಲಿಲ್ಲ, ಅದರ ಮಾರನೇ ದಿನವೂ ಇಲ್ಲ.”

ಮೂರನೇ ದಿನ ಇವರಿಗೆ ತಡೆಯಲಾಗಲಿಲ್ಲ. ಆಸ್ಪತ್ರೆಯಲ್ಲಿ ಸಹಾಯಕಿಯಾಗಿದ್ದ ಪೋಕೋಟ್ ಹೆಂಗಸನ್ನು ಕರೆದುಕೊಂಡು ಹುಡುಕಲು ಹೊರಟರು. ನಾಲ್ಕು ಗಂಟೆ ಬೆಟ್ಟ ಹತ್ತಿದ ಮೇಲೆ ಆ ತಾಯಿ ಸಿಕ್ಕಿದ್ದು ಅಣ್ಣನ ಮನೆಯಲ್ಲಿ. ಅಲ್ಲಿ ಕಣಜದ ತಳದಲ್ಲಿ ಒಂದಿಷ್ಟು ರಾಗಿ ಉಳಿದಿತ್ತು. ಕಿರಿಯ ಮಗುವಿಗೆ ಜ್ವರ. ಇವರು ಔಷಧಿಯ ಚೀಲ ಬಿಚ್ಚುವ ಮೊದಲೇ ಆ ತಾಯಿ ಒಳಗೆ ಹೋಗಿ ರಾಗಿ ಬೇಯಿಸಿ, ಒಂದು ಉಂಡೆ ತಂದು ಇವರ ಮುಂದಿಟ್ಟಳು. ಮೂರು ಮಕ್ಕಳೂ ಸುಮ್ಮನೆ ಕಾದು ಕುಳಿತವು.

“ಮಕ್ಕಳಿಗೆ ಕೊಡಿ, ನನ್ನದು ಊಟ ಆಗಿದೆ ಅಂದೆ. ನನ್ನ ಜೊತೆ ಬಂದವಳು ಮೆಲ್ಲಗೆ, ‘ಸುಮ್ಮನೆ ತಿನ್ನಿ ಸಿಸ್ಟರ್. ನೀವು ತಿನ್ನೋವರೆಗೂ ಮಕ್ಕಳು ಮುಟ್ಟಲ್ಲ’ ಅಂದಳು. ತಿಂದೆ. ಅಷ್ಟು ನಾಚಿಕೆಯಿಂದ ಯಾವತ್ತೂ ಊಟ ಮಾಡಿಲ್ಲ.”

“ಮಗು?” ಎಂದೆ.

“ಅದು ಉಳೀತು. ಔಷಧಿ ಕೊಡಲು ಬಿಟ್ಟಳು, ನಮ್ಮ ಜೊತೆ ಕೆಳಗೂ ಬಂದಳು.” ತಟ್ಟೆಯ ಅಂಚಿನ ಸಾರನ್ನು ಬೆರಳಿನಿಂದ ಬಳಿದರು. “ಎಷ್ಟೋ ಮಕ್ಕಳು ಉಳಿಯಲಿಲ್ಲ.”

ಬೆಟ್ಟದಿಂದ ಇಳಿದು ಬಂದವರೇ ಅವರು ಇನ್ನೊಂದು ಹಂಡೆ ಒಲೆಗೇರಿಸಿದರು, ಅಕ್ಕ ಅಣ್ಣಂದಿರಿಗೆಂದು. ಅದು ನಿಯಮಕ್ಕೆ ವಿರುದ್ಧ. ಹಾಗಾಗಿ ವರದಿಯಲ್ಲಿ ಎಲ್ಲರ ವಯಸ್ಸನ್ನೂ ಐದರೊಳಗೇ ಬರೆದರು. ಪಾದ್ರಿಗಳು ಓದಿ, “ನಿಮ್ಮ ಕೇಂದ್ರದಲ್ಲಿ ನಾಲ್ಕು ವರ್ಷದವರು ನನ್ನ ಭುಜಕ್ಕೆ ಬರ್ತಾರಲ್ಲ, ಗಂಜಿ ಚೆನ್ನಾಗಿದೆ” ಎಂದು ಸಹಿ ಹಾಕಿದರಂತೆ. ಇದನ್ನು ಹೇಳುವಾಗ ಅವರಿಗೆ ನಗು ತಡೆಯಲಾಗದೆ ಸಾರು ನೆತ್ತಿಗೇರಿತು.

ಕಳೆದ ವರ್ಷ ಅವರ ಚರ್ಚಿನವರು ಆ ದಿನಗಳ ಬಗ್ಗೆ ಮಾತಾಡಲು ಕರೆದರು. ಬ್ಯೂರ್‌ವ್ರೌ ಒಪ್ಪಿಕೊಂಡು ನೇರ ಮೇಲೆ ಬಂದರು. “ಬರೀ ಮಾತಾಡಿದರೆ ಜನ ನಿದ್ದೆ ಮಾಡ್ತಾರೆ. ನೀನು ವಿಂಬಿ ಮಾಡು. ನಲವತ್ತು ಜನಕ್ಕೆ.”

ಆರು ಜನಕ್ಕಿಂತ ಹೆಚ್ಚಿಗೆ ನಾನು ಮುದ್ದೆ ಮಾಡಿದವಳೇ ಅಲ್ಲ. ಚರ್ಚಿನ ಅಡುಗೆಮನೆಯಲ್ಲಿದ್ದದ್ದು ಸೂಪಿನ ದೊಡ್ಡ ಪಾತ್ರೆ. ನನ್ನ ಮುದ್ದೆ ಕೋಲು ಅದರೊಳಗೆ ಚಮಚದ ಹಾಗೆ ಕಾಣುತ್ತಿತ್ತು. “ರೀ, ಪಾತ್ರೆ ಗಟ್ಟಿಯಾಗಿ ಹಿಡ್ಕೊಳ್ರೀ” ಎಂದು ನಾನು, “ಗಂಟು ಗಂಟಾಗ್ತಿದೆ ಕಣೇ, ಅಲ್ಲಿ, ರೈಟ್ ಸೈಡು” ಎಂದು ನನ್ನ ಗಂಡ. ಬೆವರಿಳಿಯಿತು. ಒಂದು ಕಡೆ ತಳವೂ ಹಿಡಿಯಿತು.

ಅಡುಗೆಮನೆಯ ಬಾಗಿಲು ತೆರೆದಿದ್ದರಿಂದ ಸಭೆಯಲ್ಲಿ ಬ್ಯೂರ್‌ವ್ರೌ ಮಾತಾಡುವುದು ಕೇಳುತ್ತಿತ್ತು. ಅವರು ಲೋಟ ಕಿತ್ತುಕೊಂಡದ್ದನ್ನು ಹೇಳಿದರು, ಒಂದು ಮಾತನ್ನೂ ಮೆದುಗೊಳಿಸದೆ. ಕೊನೆಗೆ ಮುಂದಿನ ಸಾಲಿನ ಹಿರಿಯರೊಬ್ಬರು, ಹದಿನೆಂಟು ವರ್ಷದಲ್ಲಿ ಎಷ್ಟು ಜನ ಕ್ರೈಸ್ತರಾದರು ಎಂದು ಕೇಳಿದರು.

“ಆ ಲೆಕ್ಕ ಪಾದ್ರಿಗಳ ಹತ್ತಿರ ಇತ್ತು” ಎಂದರು ಬ್ಯೂರ್‌ವ್ರೌ. “ನನ್ನ ಹತ್ತಿರ ಮಕ್ಕಳ ತೂಕ ಬರೆದ ಪುಸ್ತಕ ಇದೆ. ಬೇಕಾದರೆ ತೋರಿಸ್ತೀನಿ.”

ಜನ ನಕ್ಕರು. ಕೇಳಿದವರೂ ನಕ್ಕರು. ಆಮೇಲೆ ಎಲ್ಲರೂ ಪುಟ್ಟ ಪುಟ್ಟ ಉಂಡೆ ಹಿಡಿದು, ಸಾರಿಗೆ ಅದ್ದಿ ತಿಂದರು. ‘ಲೆಕ್ಕರ್’, ರುಚಿಯಾಗಿದೆ, ಎಂದರು. ಕೆಲವರ ಮುಖ ಬೇರೆಯೇ ಹೇಳುತ್ತಿತ್ತು. ಪುಸ್ತಕ ನೋಡುತ್ತೇನೆಂದು ಆ ಹಿರಿಯರು ನಿಜಕ್ಕೂ ಮುಂದಿನ ವಾರ ಮನೆಗೆ ಬಂದರಂತೆ.

ಆ ದಿನ ಎಲ್ಲರೂ ಹೋದ ಮೇಲೆ ಪಾತ್ರೆ ತೊಳೆಯಲು ನಿಂತೆ. ತಳ ಹಿಡಿದ ರಾಗಿ ಕಪ್ಪಗೆ ಅಂಟಿಕೊಂಡಿತ್ತು. ನೆನೆಹಾಕೋಣವೆಂದು ನಲ್ಲಿ ತಿರುಗಿಸುವಷ್ಟರಲ್ಲಿ ಬ್ಯೂರ್‌ವ್ರೌ ನನ್ನ ಕೈ ಹಿಡಿದರು. ಡ್ರಾಯರಿನಿಂದ ಎರಡು ಚಮಚ ತೆಗೆದು ನನಗೊಂದು ಕೊಟ್ಟು, ಕುರ್ಚಿ ಎಳೆದುಕೊಂಡು ಕೂತು ಕೆರೆದು ತಿನ್ನತೊಡಗಿದರು. ನಾನೂ ಕೂತೆ.