ಲೇಡೀಸ್ ಲೈನಿನ ಸುಗಲಮ್ಮ

ರೋಷನ್‌ಮಹಲ್ ಟಾಕೀಸಿನ ತಿಗಣೆಗಳಿಗೆ ರಕ್ತದಾನ ಮಾಡದವನು ಹೈದರಾಬಾದಿನವನೇ ಅಲ್ಲ ಎಂದು ಒಂದು ಕಾಲದಲ್ಲಿ ಜನ ಆಡಿಕೊಳ್ಳುತ್ತಿದ್ದರು. ಸುಗಲಮ್ಮ ಮಾತ್ರ ಒಂದು ತೊಟ್ಟೂ ಕೊಟ್ಟವಳಲ್ಲ. ಸೇಡಂ ಕಡೆಯಿಂದ ಗಂಡನ ಜೊತೆ ಗಾರೆ ಕೆಲಸಕ್ಕೆ ಬಂದವಳು, ಅವನು ತೀರಿಕೊಂಡ ಮೇಲೆ ಹೊಟ್ಟೆಪಾಡಿಗೆ ಹಿಡಿದದ್ದು ಆ ಟಾಕೀಸಿನ ಲೇಡೀಸ್ ಲೈನು. ಗಂಡಸರ ಲೈನು ರಸ್ತೆ ದಾಟಿ ಇರಾನಿ ಹೋಟೆಲು ಮುಟ್ಟಿದರೆ ಹೆಂಗಸರದ್ದು ನಾಲ್ಕು ಮಾರು. ಆದರೆ ಒಬ್ಬರಿಗೆ ನಾಲ್ಕೇ ಟಿಕೆಟ್ ಎಂಬ ಕಟ್ಟಳೆ ಇತ್ತು. ಹಾಗಾಗಿ ಸುಗಲಮ್ಮ ಒಮ್ಮೆ ಸೆರಗು ಹೊದ್ದು, ಒಮ್ಮೆ ಇಳಿಸಿ, ಮತ್ತೊಮ್ಮೆ ಕೂಸು ಸುವರ್ಣಾಳನ್ನು ಕಂಕುಳಲ್ಲಿ ಎತ್ತಿಕೊಂಡು ಬಂದು ನಿಲ್ಲುತ್ತಿದ್ದಳು. ಕೂಸಿನ ತೊಡೆಗೆ ಒಂದು ಚಿವುಟು ಕೊಟ್ಟರೆ ಸಾಕು, ಅದರ ಕಿರುಚಾಟಕ್ಕೆ ಲೈನೇ ಸರಿದು ದಾರಿ ಬಿಡುತ್ತಿತ್ತು. ಹೀಗೆ ಕೂಡಿಸಿದ ಟಿಕೆಟ್ಟುಗಳನ್ನು ಸೈಕಲ್ ಸ್ಟ್ಯಾಂಡಿನ ಬದಿಗೆ ನಿಂತು ಬ್ಲ್ಯಾಕಿನಲ್ಲಿ ಮಾರುವುದು. ಪೊಲೀಸರು ಬಂದರೆ ಟಿಕೆಟ್ಟು ಕುಪ್ಪಸದೊಳಗೆ, ಬೈಗುಳ ಬಾಯಿಯ ಹೊರಗೆ. ಪಿಚ್ಚರು ಶುರುವಾದ ಕೂಡಲೇ ಮುಂದಿನ ಆಟದ ಲೈನು ಹಿಡಿಯಬೇಕಾದ್ದರಿಂದ ಅಷ್ಟು ವರ್ಷಗಳಲ್ಲಿ ಅವಳು ಒಂದು ದಿನವೂ ಒಳಗೆ ಹೋಗಲಿಲ್ಲ.

ಕಳೆದ ವರ್ಷ ಜೆಸಿಬಿ ತಂದು ಟಾಕೀಸನ್ನು ಕೆಡವಿದಾಗ ಸುಗಲಮ್ಮ ಮಗಳ ಮನೆಯಿರುವ ಕುಷಾಯಿಗೂಡದಿಂದ ಬಸ್ಸು ಹಿಡಿದು ನೋಡಲು ಹೋದಳು. ಗೋಡೆ ಬಿದ್ದ ಮೇಲೆ ಪರದೆಯ ಜಾಗ, ಬಾಲ್ಕನಿ, ಹರಿದ ಸೀಟುಗಳು ಮೊದಲ ಸಲ ಕಣ್ಣಿಗೆ ಬಿದ್ದವು. "ಇದಕ್ಕೇನು ಮಂದಿ ಅಂಗಿ ಹರಕೊಂಡು ಬಡದಾಡತಿದ್ರು?" ಎಂದು ಬೈದಳು. ಬೈಯುತ್ತಲೇ ಅತ್ತಳು. ಅನ್ನ ಹಾಕಿದ ಜಾಗ ನೆಲಸಮವಾದರೆ ಸಂಕಟವಾಗದೆ ಇರುತ್ತದೆಯೇ?

ಇಂಥವಳ ಮೊಮ್ಮಗಳು ಸಿಂಚನಾಳನ್ನು ನೋಡಲು ತಾರ್ನಾಕದಿಂದ ಗಂಡಿನ ಕಡೆಯವರು ಬರುವವರಿದ್ದರು. ಹುಡುಗ ರೋಹಿತ, ಮಣಿಕೊಂಡದಲ್ಲಿ ಅವಳ ಆಫೀಸಿನವನೇ. ಇಬ್ಬರೂ ಆಗಲೇ ಒಪ್ಪಿಕೊಂಡಾಗಿತ್ತು. ಅವನ ತಂದೆತಾಯಿ ಹೂಂ ಅನ್ನುವುದೊಂದೇ ಬಾಕಿ. ಈ ಸಂಬಂಧ ತಪ್ಪಿದರೆ ಹುಡುಗಿ ಎದ್ದು ನಿಲ್ಲಲಾರಳು ಎಂದು ಸುವರ್ಣಾಳಿಗೆ ಜೀವ ಕೈಯಲ್ಲಿತ್ತು.

"ಅವ್ವಾ, ಇವತ್ತೊಂದಿನ ಬಾಯಿಗಿ ಬೀಗ ಹಾಕ್ಕೋ. ಯಾರರ ಕೇಳಿದ್ರ ಹೂವ ಮಾರತಿದ್ದೆ ಅನ್ನು."

"ಆತಳವಾ, ಮಲ್ಲಿಗಿ ಮಾರತಿದ್ದೆ," ಎಂದಳು ಸುಗಲಮ್ಮ.

ಹುಡುಗನ ಅಪ್ಪ ಅಮರಯ್ಯ ಹೊಸ್ತಿಲು ದಾಟುತ್ತಲೇ ಅವಳಿಗೆ ಗುರುತು ಹತ್ತಿತು. ಶುಕ್ರವಾರದ ಗಿರಾಕಿ! ತಪ್ಪದೆ ಎರಡು ಬಾಲ್ಕನಿ. ದೂರದ ಬೇವಿನ ಮರದ ಕೆಳಗೆ ಮುಖ ಮುಚ್ಚಿಕೊಂಡ ಹೆಂಗಸೊಬ್ಬಳು ಇವನಿಗಾಗಿ ಕಾಯುತ್ತಿದ್ದಳು. ಕೂದಲು ಉದುರಿದ್ದರೂ ಆ ಕಳ್ಳನೋಟ ಮಾತ್ರ ಇನ್ನೂ ಹಾಗೇ ಇತ್ತು. ಅವನಿಗೆ ಇವಳ ಗುರುತು ಸಿಗಲಿಲ್ಲ. ಜೊತೆಯಲ್ಲಿ ಹೆಂಡತಿ ಗದಿಗೆಮ್ಮ. ಹಣೆ ತುಂಬ ವಿಭೂತಿ, ನಗುವನ್ನು ಮನೆಯಲ್ಲೇ ಬಿಟ್ಟು ಬಂದ ಮುಖ.

"ಸ್ವಲ್ಪ ತಡಾ ಆತ್ರಿ," ಎಂದ ಅಮರಯ್ಯ ಕೂರುತ್ತ. "ಆ ರೋಷನ್‌ಮಹಲ್ ಕೆಡವಿದಲ್ಲಿ ರಸ್ತಾ ಅಗದಾರ. ಕೆಡವಿದ್ದು ಭಾಳ ಚಲೋ ಆತು ಬಿಡ್ರಿ. ಮರ್ಯಾದಸ್ತರು ಕಾಲಿಡೂ ಜಾಗ ಅಲ್ಲದು. ನಾವಂತೂ ಆ ಕಡಿ ಹಣಕಿ ಸುದ್ದಾ ನೋಡಿಲ್ಲ."

ಸುಗಲಮ್ಮನ ನಾಲಿಗೆ ತುರಿಸಿತು. ತಾನು ಉಂಡ ಎಲೆಯಲ್ಲೇ ಉಗುಳುವುದೆಂದರೆ ಇದೇ ಅಲ್ಲವೇ? ಮಗಳಿಗೆ ಕೊಟ್ಟ ಮಾತನ್ನು ನೆನೆದು ಮೆಲ್ಲಗೆ, "ಖರೆ ಐತ್ರಿ. ಅಷ್ಟ ದೊಡ್ಡ ಬಾಲ್ಕನಿಗೆ ಎರಡೇ ಫ್ಯಾನ್ ಇದ್ದುವಂತ," ಎಂದಳು.

"ಎಲ್ಲಿ ಎರಡು? ಒಂದೇ ಒಂದು! ಇನ್ನೊಂದು ಬರೇ ಕೊಂಡಿ. ನಾವು ಯಾವಾಗ್ಲೂ ಅದರ ಬುಡಕೇ..." ಅಮರಯ್ಯ ಬಾಯಿ ಮುಚ್ಚುವಷ್ಟರಲ್ಲಿ ಮಾತು ಜಾರಿಹೋಗಿತ್ತು.

"ಮತ್ತ? ನಿಮಗ ಟಿಕೇಟ್ ಮಾರಿದಾಕಿ ನಾನೇ ಅಲ್ಲೇನ್ರಿ!" ಎಂದು ಸುಗಲಮ್ಮ ತೊಡೆ ತಟ್ಟಿದಳು. ಮಲ್ಲಿಗೆ ಅಲ್ಲಿಗೇ ಬಾಡಿತು. ಅಡುಗೆಮನೆಯಲ್ಲಿ ಸುವರ್ಣಾಳ ಕೈಯಿಂದ ತಟ್ಟೆ ಬಿತ್ತು.

ಗದಿಗೆಮ್ಮ ಚಹಾದ ಕಪ್ಪನ್ನು ಕೆಳಗಿಟ್ಟಳು.

"ಎಷ್ಟ ಟಿಕೇಟ್ ತಗೋತಿದ್ರು ಇವರು?"

ಅಮರಯ್ಯ ನೆಲ ನೋಡಿದ. ಸುಗಲಮ್ಮ ಬಾಗಿಲ ಪರದೆಯ ಹಿಂದೆ ನಿಂತಿದ್ದ ಸಿಂಚನಾಳನ್ನು ನೋಡಿದಳು. ಎರಡು ಎಂದರೆ ಆ ಮನೆಗೆ ಬೆಂಕಿ, ಈ ಮದುವೆಗೆ ಮಣ್ಣು. ಪೊಲೀಸರ ಮುಂದೆ ಕೂಡ ಅವಳು ಇಷ್ಟು ಹೆದರಿರಲಿಲ್ಲ.

"ಒಂದೇ ರಿ. ದೇವರಂಥಾ ಮನಷ್ಯಾ," ಎಂದಳು.

"ಸುಳ್ಳು. ಎರಡು," ಎಂದಳು ಗದಿಗೆಮ್ಮ. "ಮರದ ಬುಡಕ ಮುಖ ಮುಚ್ಚಕೊಂಡು ನಿಂದರತಿದ್ದಾಕಿ ನಾನೇ. ನಮ್ಮತ್ತಿ ಭಾಳ ಬಿರುಸು, ಮಠಕ್ಕ ಹೋಗತೀವಂತ ಹೇಳಿ ಬರತಿದ್ವಿ. ಏನಂತೀರಿ ನೋಡೂಣು ಅಂತ ಕೇಳಿದೆ. ಹಿಂಗ ಮುಖಕ್ಕ ಮುಖಾ ಕೊಟ್ಟು ಸುಳ್ಳ ಹೇಳೂ ಮನಿಯಿಂದ ಹೆಣ್ಣ ಹೆಂಗ ತರೂದು?"

ಅವಳು ಸೆರಗು ಸರಿಮಾಡಿಕೊಂಡು ಏಳಹೊರಟಳು. ಪರದೆಯ ಹಿಂದೆ ಬಿಕ್ಕಿದ ಸದ್ದು ಕೇಳಿತು. ಅದನ್ನು ಕೇಳಿ ಸುಗಲಮ್ಮನ ಭಯವೆಲ್ಲ ಸಿಟ್ಟಾಗಿ ಏರಿತು.

"ನಿಮ್ಮತ್ತಿ ಮುಂದ ನೀವು ಹೇಳಿದ್ದು ಖರೇನ್ರಿ? ನಿಮ್ಮ ಸಂಸಾರಕ್ಕ ನೀವು ಹೇಳಿದ್ರಿ, ನಮ್ಮ ಹುಡುಗಿ ಸಂಸಾರಕ್ಕ ನಾನು ಹೇಳೀನಿ. ಈಗ ನೀವೇ ಅತ್ತಿ ಆಗಾಕತ್ತೀರಿ. ನಾಳಿಗಿ ಈಕಿ ಗಂಡನ ಜೋಡಿ ಪಿಚ್ಚರಿಗಿ ಹೋಗಬೇಕಂದ್ರ ನಿಮ್ಮ ಮುಂದ ಯಾವ ಮಠದ ಹೆಸರ ಹೇಳಬೇಕು?"

ಅರ್ಧ ಎದ್ದಿದ್ದ ಗದಿಗೆಮ್ಮ ಅಲ್ಲೇ ನಿಂತಳು. ಗಂಡನ ಬೋಳುತಲೆಯನ್ನು ಒಂದು ಗಳಿಗೆ ನೋಡಿದಳು. ಆಮೇಲೆ ಮತ್ತೆ ಕೂತಳು.

"ಯಾವ ಮಠಾನೂ ಬ್ಯಾಡ. ಹೇಳೇ ಹೋಗಲಿ," ಎಂದಳು. ಕೆಳಗಿಟ್ಟ ಕಪ್ಪನ್ನು ಮತ್ತೆ ಎತ್ತಿಕೊಳ್ಳುತ್ತ, "ನನ್ನೂ ಕರಕೊಂಡು ಹೋಗಲಿ," ಎಂದಳು.