ಆರನೆಯ ನಳಿಗೆ

ಅವನು ಬಿಗಿದ ನಲ್ಲಿಯನ್ನು ಬಿಚ್ಚಲು ಅವನೇ ಬರಬೇಕೆಂದು ನಗುತ್ತಾ ಜನ ಅವನನ್ನು ಬಿಗಿ ಮೇಸ್ತ್ರಿ ಎನ್ನುತ್ತಿದ್ದರು. ಈಗ ಅವನು ನೀರಿಳಿಸಿದ ಹಳೆಯ ಈಜುಕೊಳದಲ್ಲಿ ಕುಕ್ಕರುಗಾಲಲ್ಲಿ ಕುಳಿತಿದ್ದ. ಸೋಸಿದ ನೀರು ಕೊಳಕ್ಕೆ ಮರಳುವ ಆರು ಪ್ಲಾಸ್ಟಿಕ್ ನಳಿಗೆಗಳು ಸವೆದಿದ್ದವು, ಬದಲಿಸಬೇಕಿತ್ತು.

ಇಪ್ಪತ್ತು ವರ್ಷದ ಹಿಂದೆ ಅವನ್ನು ಕೂರಿಸಿದ್ದು ಅವನೂ ಅವನ ತಮ್ಮನೂ. ತಮ್ಮ ಕೈಯಲ್ಲಿ ತಿರುಗಿಸಿ ಬಿಡುತ್ತಿದ್ದ, ಇವನು ರೆಂಚ್ ಹಾಕಿ ಮತ್ತೆ ಬಿಗಿಯುತ್ತಿದ್ದ. ನೀರು ತುಂಬಿದ ದಿನವೇ ಆರನೆಯದು ಸೋರಿತು.

"ಮೈಗಳ್ಳ! ಇನ್ನು ನನ್ನ ಕೆಲಸ ಮುಟ್ಟಬೇಡ," ಎಂದು ಎಲ್ಲರೆದುರು ತಮ್ಮನ ಮರ್ಯಾದೆ ತೆಗೆದಿದ್ದ. ಅಂದು ಹೋದ ತಮ್ಮ ಮತ್ತೆ ಅಣ್ಣನ ಹೊಸ್ತಿಲು ತುಳಿಯಲಿಲ್ಲ.

ಅಂದು ಸೋರಿಕೆ ನಿಲ್ಲಿಸಲು ಆರನೆಯದಕ್ಕೆ ಮೆತ್ತಿದ್ದ ಸಿಮೆಂಟನ್ನು ಮೇಸ್ತ್ರಿ ಈಗ ಕೆತ್ತಿ ತೆಗೆದ. ಒಳಗೆ ನಳಿಗೆ ಉದ್ದಕ್ಕೆ ಸೀಳಿಹೋಗಿತ್ತು. ಅದರ ಕತ್ತಿನ ಸುತ್ತ ರೆಂಚಿನ ಹಲ್ಲು ಕಚ್ಚಿದ ಗುರುತುಗಳಿದ್ದವು. ತಮ್ಮ ರೆಂಚ್ ಮುಟ್ಟಿದವನೇ ಅಲ್ಲ.

ಮೇಸ್ತ್ರಿ ಕುಳಿತಲ್ಲಿಂದಲೇ ತಮ್ಮನಿಗೆ ಫೋನ್ ಮಾಡಿದ. "ಆ ಆರನೇದನ್ನ ಒಡೆದಿದ್ದು ನಾನು ಕಣೋ."

"ಗೊತ್ತಣ್ಣ. ನೀನು ಬಿಗಿಯುವಾಗ ಚಟ್ ಅಂತ ಕೇಳಿಸಿತ್ತು."

"ಅವತ್ತೇ ಯಾಕೋ ಹೇಳಲಿಲ್ಲ?"

"ನಿನಗೂ ಕೇಳಿಸಿದೆ ಅಂದ್ಕೊಂಡೆ," ಎಂದ ತಮ್ಮ.